ಮುಳುಗಿದ ಸೇತುವೆಯ ಬೇಲಿ

2025ರ ನವೆಂಬರ್ 30, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮಲ್ಲಪ್ಪನಕಟ್ಟೆ ಪೊಲೀಸ್ ಠಾಣೆಗೆ ಒಬ್ಬಾತ ಮೈಗಂಟಿದ ಕಪ್ಪು ರಬ್ಬರ್ ಉಡುಪಿನಲ್ಲಿ ನೀರು ತೊಟ್ಟಿಕ್ಕಿಸುತ್ತ ಬಂದ. ಹೆಸರು ಹನುಮೇಶ್, ವಯಸ್ಸು ಮೂವತ್ತನಾಲ್ಕು, ಚಿತ್ರದುರ್ಗದಲ್ಲಿ ಈಜು ಕಲಿಸುವವ. ಪ್ರತಿ ಭಾನುವಾರ ಹತ್ತು ಹನ್ನೆರಡು ಜನರನ್ನು ಹಿನ್ನೀರಿಗೆ ಕರೆತಂದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ನೀರಿಗಿಳಿಸುತ್ತಿದ್ದ.

“ಸಾರ್, ನಮ್ಮ ಹುಡುಗ ಒಬ್ಬ ಮೇಲಕ್ಕೆ ಬಂದಿಲ್ಲ” ಎಂದ.

“ಇಳಿದದ್ದು ಎಷ್ಟೊತ್ತಿಗೆ?” ಇನ್‌ಸ್ಪೆಕ್ಟರ್ ಶಿವಕುಮಾರಪ್ಪ ಕೇಳಿದರು.

“ಎಂಟೂ ಇಪ್ಪತ್ತಕ್ಕೆ.”

“ಸಿಲಿಂಡರ್‌ನಲ್ಲಿ ಗಾಳಿ ಎಷ್ಟೊತ್ತು ಬರುತ್ತೆ?”

“ಮುಕ್ಕಾಲು ಗಂಟೆ.”

ಶಿವಕುಮಾರಪ್ಪ ಗೋಡೆಯ ಗಡಿಯಾರದ ಕಡೆ ನೋಡಲಿಲ್ಲ. ಮೂವತ್ತೊಂದು ವರ್ಷ ಕೆಲಸ ಮಾಡಿದವರಿಗೆ ಇಷ್ಟು ಲೆಕ್ಕ ಬಾಯಲ್ಲೇ ಬರುತ್ತದೆ. ಟೋಪಿ ತೆಗೆದುಕೊಂಡು, “ಮುರುಗೇಶ್, ಜೀಪ್ ತೆಗೀರಿ” ಎಂದರು. ಹೆಡ್ ಕಾನ್‌ಸ್ಟೇಬಲ್ ಮುರುಗೇಶ್ ಆಗಲೇ ಹೊರಗಿದ್ದ.

ಜಾಗ ಎಲ್ಲರಿಗೂ ಗೊತ್ತಿದ್ದದ್ದೇ. ವಾಣಿವಿಲಾಸ ಸಾಗರ ತುಂಬಿದ ವರ್ಷ ಹೊಸದುರ್ಗ ತಾಲ್ಲೂಕಿನ ಈ ಅಂಚಿನಲ್ಲಿ ಹೊಲ, ರಸ್ತೆ, ಹಳ್ಳದ ಮೇಲಿನ ಹಳೇ ಕಲ್ಲು ಸೇತುವೆ ಎಲ್ಲವೂ ಹಿನ್ನೀರಿನೊಳಗೆ ಹೋಗಿದ್ದವು. ಬೇಸಿಗೆಯಲ್ಲಿ ನೀರು ತಗ್ಗಿದರೆ ಸೇತುವೆ ತಲೆ ಎತ್ತುತ್ತಿತ್ತು, ಮಳೆಗಾಲ ಕಳೆದರೆ ಮತ್ತೆ ಮುಳುಗುತ್ತಿತ್ತು. ಅಲ್ಲಿ ಇಳಿಯಲು ದೋಣಿ ಬೇಕಿಲ್ಲ. ಡಾಂಬರು ರಸ್ತೆ ನೇರವಾಗಿ ನೀರಿನೊಳಕ್ಕೆ ಇಳಿಯುತ್ತದೆ. ಪಾಚಿಯ ಮೇಲೆ ಜಾರದಂತೆ ಸೊಂಟಮಟ್ಟ ನಡೆದು, ಕಾಲಿಗೆ ರಬ್ಬರ್ ರೆಕ್ಕೆ ಸಿಕ್ಕಿಸಿಕೊಂಡರಾಯಿತು. ಗಾಳಿ ಏಳುವ ಮುಂಚೆ, ಒಂಬತ್ತರೊಳಗೆ ಇಳಿದರೆ ಎರಡು ಮಾರು ದೂರ ಕಾಣುತ್ತದೆ. ಆಮೇಲೆ ಕೆಸರೆದ್ದು ಚಾಚಿದ ಕೈಯೂ ಕಾಣದು. ರಸ್ತೆಗೆ ಗೇಟು ಹಾಕಿ ಬೀಗ ಜಡಿದ ಮೇಲೆ ಜನ ಪಕ್ಕದ ಹೊಲ ತುಳಿದು ದಾರಿ ಮಾಡಿಕೊಂಡಿದ್ದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರಲ್ಲ, ಇಲ್ಲಿ ಅದು ತಿರುಗುಮುರುಗಾಗಿತ್ತು. ನೀರಿಗೆ ಬಂದವರು ಊರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮೀನು ಹಿಡಿಯುವ ಹಾಲೇಶ್ ಕುಡುಗೋಲು ಕಚ್ಚಿಕೊಂಡು ಆರು ಸಲ ಮುಳುಗಿದ. ಹನ್ನೆರಡೂ ಐವತ್ತಕ್ಕೆ ಶವ ದಡಕ್ಕೆ ಬಂತು. ಕಿರಣ್‌ಕುಮಾರ್, ಇಪ್ಪತ್ತಾರು ವರ್ಷ, ಚಿಕ್ಕಜಾಜೂರಿನಲ್ಲಿ ರೈಲ್ವೆ ಹಳಿ ಕಾಯುವ ಕೆಲಸ. ಹಾಲೇಶನ ಎರಡೂ ಮೊಳಕೈ ರಕ್ತವಾಗಿದ್ದವು.

“ಸಾ, ಕೆಳಗೆ ಬೇಲಿ ಐತೆ” ಎಂದ ಅವನು, ಏದುಸಿರು ಬಿಡುತ್ತ. “ಸೇತುವೆ ಬಗಲಾಗೆ. ಜಾಲಿ ಮುಳ್ಳು, ಮುಳ್ಳುತಂತಿ, ಅದರ ಮ್ಯಾಲೆ ಹರಕು ಬಲೆ. ನಡುವೆ ಚಪ್ಪಡಿ ಕಲ್ಲು. ಒಂದು ಕಡೆ ಬಾಯಿ ಬಿಟ್ಟೌರೆ. ಒಳಗೆ ಹೋಗಾಕೆ ಸಲೀಸು, ಹೊಳ್ಳಿ ಬರಾಕೆ ಬಿಡಲ್ಲ.”

ಶಿವಕುಮಾರಪ್ಪ ಹನುಮೇಶನ ಕಡೆ ತಿರುಗಿದರು.

“ಬೇಲಿ ಇರೋದು ಗೊತ್ತಿತ್ತಾ?”

“ಇಲ್ಲ ಸಾರ್. ಫೆಬ್ರವರಿಯಲ್ಲಿ ಇರಲಿಲ್ಲ. ಮಳೆಗಾಲ ಆದ್ಮೇಲೆ ಇದೇ ಮೊದಲ ಸಲ ಈ ಬದಿಗೆ ಇಳಿದದ್ದು.”

“ಇಬ್ಬಿಬ್ಬರು ಜೋಡಿಯಾಗಿ ಇಳೀಬೇಕು ಅಂತ ನಿಮ್ಮಲ್ಲಿ ನಿಯಮ ಇಲ್ವಾ?”

“ಇದೆ.”

“ಇವನ ಜೋಡಿ ಯಾರು?”

“ನಾನೇ.”

“ನೀವೆಲ್ಲಿದ್ರಿ?”

ಹನುಮೇಶ್ ನೆಲ ನೋಡಿದ. “ವಿಡಿಯೋ ಮಾಡ್ತಿದ್ದೆ ಸಾರ್.”

ಅಸ್ವಾಭಾವಿಕ ಮರಣದ ವರದಿ ದಾಖಲಾಯಿತು, ಶವ ಪಂಚನಾಮೆ ನಡೆಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಗುರುತು ಹಿಡಿಯಲು ಬಂದ ಹೆಂಡತಿ ಚೈತ್ರಾ ಅಳಲಿಲ್ಲ. “ನಾಳೆ ಬೆಳಿಗ್ಗೆ ಆರಕ್ಕೆ ಅವರಿಗೆ ಡ್ಯೂಟಿ ಐತೆ ಸಾರ್” ಎಂದಳು, ಬೇಗ ಕಳಿಸಿಕೊಡಿ ಎನ್ನುವ ಹಾಗೆ. ಶಿವಕುಮಾರಪ್ಪ ತಲೆಯಾಡಿಸಿದರು.

ವೈದ್ಯರ ವರದಿ ಸೋಮವಾರ ಸಂಜೆ ಬಂತು. ಸಾವು ಉಸಿರುಗಟ್ಟಿ. ಗೀರುಗಳೆಲ್ಲ ಮುಖ, ಎದೆ, ಅಂಗೈಗಳ ಮೇಲೆ. ಬೆನ್ನಿನ ಮೇಲೆ, ಕಾಲಿನ ಮೇಲೆ ಒಂದೂ ಇಲ್ಲ. ಒಳಗೆ ಹೋಗುವಾಗ ಅವನಿಗೆ ಏನೂ ತಾಗಿರಲಿಲ್ಲ. ತಿರುಗಿ ಹೊರಬರಲು ನೋಡಿದಾಗಲೇ ಎಲ್ಲ ಆಗಿತ್ತು.

ಅಲ್ಲಿಂದ ಎರಡು ದಿನ ಪೊಲೀಸರು ಬೆಪ್ಪರ ಹಾಗೆ ತಿರುಗಿದರು, ಇದನ್ನು ಮುಚ್ಚಿಡಬೇಕಿಲ್ಲ. ಹನ್ನೆರಡು ಅಡಿ ನೀರಿನೊಳಗೆ ಬೇಲಿ ಕಟ್ಟಬೇಕಾದರೆ ಕಟ್ಟಿದವನು ಮುಳುಗುವುದು ಬಲ್ಲವನೇ ಆಗಿರಬೇಕು. ಹಾಗೆಂದು ಹನುಮೇಶನ ತಂಡದವರನ್ನು, ಅವನ ಜೊತೆ ಜಗಳವಾಡಿ ಬೇರೆಯಾದವರನ್ನು, ಮೀನಿನ ಗುತ್ತಿಗೆಯವರನ್ನು ಸಾಲಾಗಿ ಕೂರಿಸಿ ಕೇಳಿದರು. ಹಾಲೇಶನನ್ನೂ ಬಿಡಲಿಲ್ಲ. ಶವ ತೆಗೆದುಕೊಟ್ಟ ತಪ್ಪಿಗೆ ಅವನು ಒಂದು ಹಗಲು ಪೂರ್ತಿ ಬೆಂಚಿನ ಮೇಲೆ ಕುಳಿತ.

ಡಿಸೆಂಬರ್ 3, ಬುಧವಾರ. ಅಗ್ನಿಶಾಮಕ ದಳದ ಇಬ್ಬರು ಮುಳುಗುಗಾರರು ಬೇಲಿಯನ್ನು ತುಂಡು ತುಂಡಾಗಿ ಮೇಲಕ್ಕೆ ತಂದರು. ಪಂಚರ ಎದುರು ಗೂಟ, ತಂತಿ, ಜಾಲಿ ಮುಳ್ಳಿನ ಕಂಟಿಗಳಿಗೆ ಚೀಟಿ ಕಟ್ಟಿ ದಡದಲ್ಲಿ ಹರವಲಾಯಿತು. ಮುರುಗೇಶ್ ಯಲ್ಲದಕೆರೆ ಕಡೆಯವನು, ಕುರಿ ಕಾಯುವವರ ಮನೆತನ. ಒಂದು ಗೂಟ ಎತ್ತಿ ಅದರ ಬುಡವನ್ನು ಉಗುರಿನಿಂದ ಕೆರೆದ. ಒಳಗೆಲ್ಲ ಪೊಳ್ಳು, ಜೇನುಗೂಡಿನ ಹಾಗೆ ತೂತು.

“ಸಾ, ನೀರಿನಾಗೆ ಗೆದ್ದಲು ಹತ್ತುತ್ತಾ?”

ಶಿವಕುಮಾರಪ್ಪ ಹೊಳಲ್ಕೆರೆ ಕಡೆಯ ಬೇಸಾಯಗಾರರ ಮಗ. ತಾನೇ ಮೊದಲು ನೋಡಬೇಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೇಲಿಯನ್ನು ನೀರಿನಲ್ಲಿ ಯಾರೂ ಕಟ್ಟಿರಲಿಲ್ಲ. ಮೇ ತಿಂಗಳಲ್ಲಿ, ನೀರು ತಗ್ಗಿ ಅದು ಒಣ ನೆಲವಾಗಿದ್ದಾಗ, ಹಗಲಿನಲ್ಲಿ, ನಿಂತು ಕಟ್ಟಿದ್ದರು. ಆಮೇಲೆ ಮಳೆ ಬಂದು ನೀರು ತಾನಾಗಿ ಏರಿ ಅದನ್ನು ಮುಚ್ಚಿತ್ತು.

“ಚಪ್ಪಡಿ ಅಂದರೆ ಸಮಾಧಿ ಸಾ” ಎಂದ ಮುರುಗೇಶ್. “ನಮ್ಮಾಗೆ ಹೊಲದಾಗೇ ಮಣ್ಣು ಮಾಡ್ತಾರೆ. ತೋಳ, ನರಿ ಕೆದರಬಾರದು ಅಂತ ಮ್ಯಾಲೆ ಜಾಲಿ ಮುಳ್ಳು ಹೇರ್ತಾರೆ. ಅದು ಪದ್ಧತಿ.”

“ಅಂದ್ರೆ ಯಾರೋ ಪಾಪ ಸಮಾಧಿ ಕಾಯೋಕೆ ಬೇಲಿ ಹಾಕಿದಾರೆ. ಇದು ಅಪರಾಧವೇ ಅಲ್ಲ.” ಇನ್‌ಸ್ಪೆಕ್ಟರರ ದನಿಯಲ್ಲಿ ಹಗುರವಾದದ್ದೇನೋ ಕೇಳಿಸಿತು.

ಮುರುಗೇಶ್ ಕಂಟಿಗಳನ್ನು ಇದ್ದ ಹಾಗೇ ಸುತ್ತಲೂ ಜೋಡಿಸಿ ತೋರಿಸಿದ. “ಕಾಯೋ ಬೇಲಿಗೆ ಮುಳ್ಳಿನ ಮುಖ ಹೊರಗಿರ್ತೈತೆ ಸಾ. ಬರೋನಿಗೆ ಚುಚ್ಚಬೇಕಲ್ಲ. ಇದರದ್ದು ಒಳಗೈತೆ. ಬಾಯಿ ಬೇರೆ ಬಿಟ್ಟೌರೆ. ಇದು ತೋಳ ಹಿಡಿಯಾಕೆ ಕಟ್ಟೋ ರೊಪ್ಪ. ಒಳಗೆ ಬಿಡ್ತೈತೆ, ಹೊರಗೆ ಬಿಡಲ್ಲ.”

ಗ್ರಾಮ ಲೆಕ್ಕಿಗರ ನಕ್ಷೆಯಲ್ಲಿ ಹೊಲ ಸಿಕ್ಕಿತು. ಎತ್ತಪ್ಪ, ಅರವತ್ತೆರಡು ವರ್ಷ, ಕುರಿಗಾರ. ಆರು ವರ್ಷದ ಹಿಂದೆ ತೀರಿಕೊಂಡ ಮಗಳು ಬರಗೇರಮ್ಮನನ್ನು ಅಲ್ಲಿ ಮಣ್ಣು ಮಾಡಿದ್ದ. ಎತ್ತಪ್ಪನ ಹೆಸರು ಕೇಳಿದ ಕಾನ್‌ಸ್ಟೇಬಲ್ ಸುಮಾ, “ಈ ಹೆಸರು ನಮ್ಮ ಅರ್ಜಿ ಪುಸ್ತಕದಲ್ಲಿ ಐತೆ ಸಾರ್” ಎಂದು ಒಳಗೆ ಹೋಗಿ ಒಂದು ಕಡತ ತಂದಳು.

2025ರ ಮಾರ್ಚ್ 17ರ ಅರ್ಜಿ. ಯಾರಿಂದಲೋ ಬರೆಸಿದ್ದು, ಕೆಳಗೆ ಎತ್ತಪ್ಪನ ಹೆಬ್ಬೆಟ್ಟು. ‘ನೀರಿನೊಳಗಿರುವ ನನ್ನ ಮಗಳ ಸಮಾಧಿ ಮೇಲೆ ಜನ ಕುಂತು ವಿಡಿಯೋ ತೆಗೆದು ಊರಿಗೆಲ್ಲ ತೋರಿಸಿದ್ದಾರೆ. ಅವರನ್ನು ಕರೆದು ಒಂದು ಮಾತು ಹೇಳಬೇಕೆಂದು ಬೇಡಿಕೆ.’ ಹಿಂಬದಿಯಲ್ಲಿ ಹಿಂಬರಹ: ‘ಸ್ಥಳ ಜಲಾಶಯದ ನೀರಿನಡಿ ಇರುವುದರಿಂದ ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸಲು ತಿಳಿಸಿದೆ.’ ಅದರ ಕೆಳಗೆ ಸಹಿ. ಶಿವಕುಮಾರಪ್ಪ.

ಆ ಮನುಷ್ಯನ ಮುಖ ಅವರಿಗೆ ನೆನಪಿಗೆ ಬರಲಿಲ್ಲ. ಎಷ್ಟು ತಡಕಿದರೂ ಬರಲಿಲ್ಲ, ಅದೇ ಅವರನ್ನು ಹಿಂಡಿದ್ದು. ಸಮಾಧಿಗೆ ಅಪಚಾರ ಮಾಡಿದವರಿಗೆ ಕಾನೂನಿನಲ್ಲಿ ಒಂದು ಕಲಂ ಇದೆ. ಸಮಾಧಿಯ ಮೇಲೆ ನೀರಿರಬಾರದು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಆ ವಿಡಿಯೋ ಹಾಕಿದ್ದ ಹನುಮೇಶನನ್ನು ಕರೆಸಿ ಹತ್ತು ನಿಮಿಷ ಗದರಿಸಿದ್ದರೆ ಸಾಕಿತ್ತು.

ಡಿಸೆಂಬರ್ 4ರಂದು ಅಪರಾಧಿಕ ನರಹತ್ಯೆಯ ಕಲಂ ಹಾಕಿ ಎಫ್‌ಐಆರ್ ದಾಖಲಾಯಿತು. ಹನುಮೇಶನ ಮೇಲೆ ನಿರ್ಲಕ್ಷ್ಯದ ಬೇರೆ ಪ್ರಕರಣ ಬಿತ್ತು. ಅವನು ಅಂದೇ ಮಧ್ಯಾಹ್ನ ಜಾಮೀನು ತೆಗೆದುಕೊಂಡು ಊಟದ ಹೊತ್ತಿಗೆ ಮನೆ ಸೇರಿದ.

ಎತ್ತಪ್ಪ ಆಗ ಊರಿನಲ್ಲಿರಲಿಲ್ಲ. ಹಿರಿಯೂರು ತಾಲ್ಲೂಕಿನ ಆದಿವಾಲದ ಹತ್ತಿರ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತರುಬಿ ನಿಲ್ಲಿಸಿದ್ದ. ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಜೀಪು ಅಲ್ಲಿಗೆ ಹೋಯಿತು. ಎತ್ತಪ್ಪ ಕುಂಟುವ ಮರಿಯೊಂದರ ಗೊರಸಿನಿಂದ ಮುಳ್ಳು ತೆಗೆಯುತ್ತ ಕೂತಿದ್ದ. ಖಾಕಿ ಕಂಡು ಎದ್ದ, ಓಡಲಿಲ್ಲ.

“ಬರ್ರಿ ಸಾ. ಕುಂತ್ಕಳ್ರಿ” ಎಂದು ಕಂಬಳಿ ಹಾಸಿದ.

ಶಿವಕುಮಾರಪ್ಪ ಕೂತರು. ಕೇಳಬೇಕಾದ ಪ್ರಶ್ನೆಯನ್ನು ಅವರು ದಾರಿಯುದ್ದಕ್ಕೂ ತಿದ್ದಿಕೊಂಡು ಬಂದಿದ್ದರು. ಕಾನೂನು ಬಲ್ಲವರು ಕೇಳುವ ಪ್ರಶ್ನೆ ಅದಾಗಿರಲಿಲ್ಲ.

“ಎತ್ತಪ್ಪ, ಸಮಾಧಿಗೆ ನೀನು ಪ್ರತಿ ವರ್ಷ ಮುಳ್ಳು ಹಾಕ್ತೀಯ. ನೀರು ತಗ್ಗಿದಾಗೆಲ್ಲ.”

“ಹಾಕ್ತೀನಿ ಸಾ. ನೀರು ಬಂದಾಗ ಹಳೇ ಮುಳ್ಳು ಕೊಚ್ಚಿ ಹೋಗಿರ್ತೈತೆ.”

“ಈ ವರ್ಷನೂ ಹಂಗೇ ಹಾಕಿದ್ದು, ಅಲ್ವಾ? ಪದ್ಧತಿ ಪ್ರಕಾರ. ನೀರಿನೊಳಗೆ ಜನ ಬರ್ತಾರೆ ಅಂತ ನಿನಗೇನು ಗೊತ್ತು? ಹಂಗೇ ತಾನೇ?”

ಮುರುಗೇಶ್ ಬರೆಯುತ್ತಿದ್ದ ಪೆನ್ನು ನಿಂತಿತು. ಬಾಗಿಲು ತೆರೆದಿಟ್ಟ ಹಾಗಿತ್ತು ಆ ಪ್ರಶ್ನೆ. ಹೂಂ ಎಂದರೆ ಸಾಕು, ಮುದುಕ ಹೊರಗೆ ನಡೆದುಬಿಡಬಹುದಿತ್ತು.

“ಇಲ್ಲ ಸಾ” ಎಂದ ಎತ್ತಪ್ಪ. “ಪ್ರತಿ ವರ್ಷ ಮುಖ ಹೊರಗಿಡ್ತೀನಿ. ಈ ಸಲ ಒಳಗಿಟ್ಟೆ.”

“ಯಾಕೆ?”

“ಟೀ ಅಂಗಡಿಯಾಗೆ ಹುಡುಗರು ಕರೆದು ಮೊಬೈಲ್ ತೋರಿಸಿದ್ರು. ‘ಎತ್ತಪ್ಪಜ್ಜ, ನಿನ್ನ ಹೊಲ ನೋಡು’ ಅಂದ್ರು. ಒಬ್ಬ ನನ್ನ ಮಗಳ ಎದೆ ಮ್ಯಾಲೆ ಕಾಲು ಮ್ಯಾಲೆ ಕಾಲು ಹಾಕ್ಕೊಂಡು ಕುಂತಿದ್ದ, ಹೆಬ್ಬೆಟ್ಟು ಎತ್ತಿ ತೋರಿಸ್ತಿದ್ದ. ಹುಡುಗರು ನಕ್ಕರು. ಗೊತ್ತಾಗದೆ ನಾನೂ ನಕ್ಕೆ ಸಾ, ಆಮ್ಯಾಲೆ ಕಲ್ಲು ಗುರ್ತು ಸಿಕ್ತು.”

ಅವನು ಮರಿಯನ್ನು ಕೆಳಗಿಳಿಸಿದ.

“ಆಕಿ ಹತ್ತೊಂಬತ್ತು ವರ್ಷದಾಕಿ. ಕುರಿ ಹಟ್ಟಿ ಕಾಯಾಕೆ ನಾನೇ ಮಲಗಿಸಿದ್ದೆ, ಹಾವು ಕಚ್ತು. ಬದುಕಿದ್ದಾಗ ಕಾಯಲಿಲ್ಲ. ಸತ್ತ ಮ್ಯಾಲಾದ್ರೂ ಕಾಯಬೇಕಲ್ಲ ಸಾ.”

“ಠಾಣೆಗೆ ಬಂದಿದ್ದೆಯಲ್ಲ” ಎಂದರು ಶಿವಕುಮಾರಪ್ಪ. ಯಾಕೆ ಹೇಳಿದರೋ ಅವರಿಗೇ ತಿಳಿಯಲಿಲ್ಲ.

“ಬಂದಿದ್ದೆ. ನೀವೇ ಇದ್ರಿ. ನೀರಿನಾಗಿರೋದು ನಮಗೆ ಬರಲ್ಲ ಅಂದ್ರಿ.” ಎತ್ತಪ್ಪನ ಮಾತಿನಲ್ಲಿ ಕೋಪವಿರಲಿಲ್ಲ. “ಅದಕ್ಕೆ ನೆಲ ಆಗಾವರೆಗೂ ಕಾದೆ.”

ಸಂಜೆ ನಾಲ್ಕೂ ಹತ್ತಕ್ಕೆ ಬಂಧನ. ದಸ್ತಗಿರಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ. ಕುರಿಗಳನ್ನು ಹೊಲದವನಿಗೆ ಒಪ್ಪಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಜೀಪಿನ ಹಿಂದೆ ಮುರುಗೇಶನ ಪಕ್ಕ ಕೂತ. ಜೀಪು ಹಿರಿಯೂರು ದಾಟಿತು. ಆಮೇಲೆ ಎತ್ತಪ್ಪ ಕೇಳಿದ.

“ಸತ್ತೋನು ಆವತ್ತು ಕುಂತಿದ್ದೋನೇ ಏನ್ ಸಾ?”

ಮುಂದಿನ ಸೀಟಿನಲ್ಲಿದ್ದ ಶಿವಕುಮಾರಪ್ಪ ರಸ್ತೆಯನ್ನೇ ನೋಡುತ್ತಿದ್ದರು. ಸುಳ್ಳು ಹೇಳಬಹುದಿತ್ತು. ಆದರೆ ಈ ಮನುಷ್ಯ ಒಂದು ಗಂಟೆ ಹಿಂದೆ ಅಂಥದೇ ಸುಳ್ಳನ್ನು ಬೇಡ ಎಂದಿದ್ದ.

“ಅಲ್ಲ. ಇವನು ಬೇರೆ. ಹೊಸಬ.”

“ಅವನು?”

“ಅವನು ದೂರು ಕೊಟ್ಟವನು, ಈಜು ಕಲಿಸೋನು. ಮನೇಲಿದಾನೆ.”

ಎತ್ತಪ್ಪ ಕಂಬಳಿಯನ್ನು ಮುಖದ ಮೇಲೆಳೆದುಕೊಂಡ. ಅಷ್ಟು ದೊಡ್ಡ ಮನುಷ್ಯ ಸೀಟಿನ ಮೂಲೆಯಲ್ಲಿ ಮುದುರಿ ಒಂದು ಗಂಟಿನಷ್ಟಾದ. ಅಳುತ್ತಿದ್ದನೋ ಇಲ್ಲವೋ ಮುರುಗೇಶನಿಗೂ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಶಿವಕುಮಾರಪ್ಪ ಕೋರ್ಟಿಗೆ ವರದಿ ಬರೆದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ‘ಮೃತ ಮಗಳ ಸಮಾಧಿಗೆ ಆದ ಅಪಚಾರದಿಂದ ನೊಂದು’ ಎಂದು ಬರೆದು, ಇನ್ನೊಂದು ಸಾಲು ಸೇರಿಸಿದರು: ‘ಆರೋಪಿಯು ಇದಕ್ಕೂ ಮೊದಲು ಈ ಠಾಣೆಗೆ ದೂರು ನೀಡಿದ್ದು, ನಾನು ಕ್ರಮ ಕೈಗೊಂಡಿರುವುದಿಲ್ಲ.’ ಮುರುಗೇಶ್ ಓದಿ, “ಇದು ಬೇಕಾ ಸಾ? ಇನ್ನು ವರ್ಷದಾಗೆ ರಿಟೈರ್ ಆಗ್ತೀರಿ” ಎಂದ. ಅವರು ಹಾಗೇ ಲಕೋಟೆಗೆ ಹಾಕಿದರು. ಆ ಒಂದು ಸಾಲಿನಿಂದ ಮುದುಕನಿಗಾಗಲಿ ಚೈತ್ರಾಳಿಗಾಗಲಿ ಏನೂ ಸಿಗುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹತ್ತೂವರೆಗೆ ಎತ್ತಪ್ಪನನ್ನು ಹೊರಡಿಸಿದರು. ಮೆಟ್ಟಿಲಿಳಿಯುತ್ತ ಅವನು ನಿಂತ.

“ಬೇಲಿ ಕಿತ್ತು ಹಾಕಿದ್ರಾ ಸಾ?”

“ಕಿತ್ತಿದೀವಿ. ಸಾಕ್ಷಿ ಅದು.”

ಎತ್ತಪ್ಪ ತಲೆಯಾಡಿಸಿದ. ತನ್ನ ಮಗಳ ಬಗ್ಗೆ ಇನ್ನೇನೂ ಕೇಳಲಿಲ್ಲ.

“ಆ ಹುಡುಗನ್ನ ಎಲ್ಲಿ ಮಣ್ಣು ಮಾಡಿದ್ರು? ಮ್ಯಾಲೆ ಮುಳ್ಳು ಹಾಕೌರಾ?”

ಶಿವಕುಮಾರಪ್ಪನವರ ಕಡತದಲ್ಲಿ ಕಿರಣ್‌ಕುಮಾರನ ಎತ್ತರವಿತ್ತು, ಮೈಬಣ್ಣವಿತ್ತು, ಎದೆಯ ಮೇಲಿನ ಗೀರುಗಳ ಉದ್ದಗಲವಿತ್ತು. ಹುಡುಗನನ್ನು ಮಣ್ಣು ಮಾಡಿದರೋ ಸುಟ್ಟರೋ ಎಂಬುದು ಎಲ್ಲೂ ಇರಲಿಲ್ಲ.

“ಗೊತ್ತಿಲ್ಲ” ಎಂದರು.