ಅರಿಸಿನ ಕುಡಿದ ಎಂಜಿನ್

ಬೆಳಿಗ್ಗೆ ಎಂಟಕ್ಕೆ ಕೆಲಸ ನಿಗದಿಯಾಯಿತು. ಗೋಪಾಲಸ್ವಾಮಿ ಬೆಟ್ಟದ ಹಿಂಬದಿಯ ಕಾಡಿಗೆ ಬೆಂಕಿ ಬಿದ್ದಿತ್ತು. ಬೆಂಕಿ ಹರಡದಂತೆ ಹುಲ್ಲು ಸವರಲು ಹೋಗಿದ್ದ ಮೂವರು ಕಾವಲುಗಾರರ ವಾಕಿಟಾಕಿ ಮುಂಜಾನೆಯಿಂದ ಮೂಕವಾಗಿತ್ತು. ಪುಟ್ಟ ವಿಮಾನದಲ್ಲಿ ಹಾರಿ ಅವರನ್ನು ಹುಡುಕಬೇಕು, ಎಲ್ಲಿದ್ದಾರೆಂದು ಕೆಳಗಿನ ಜೀಪಿಗೆ ತಿಳಿಸಬೇಕು.

ಜೀಪಿನ ಡ್ರೈವರ್ ಮರಿಯಯ್ಯ. ಕಾಣೆಯಾದವರಲ್ಲಿ ಒಬ್ಬನಾದ ಮರಿಮಲ್ಲಪ್ಪ ಅವನ ಒಡಹುಟ್ಟಿದ ತಮ್ಮ.

"ಎಲ್ಲವ್ನೆ ಅಂತ ಒಂದ್ ಮಾತು ಯೋಳಿ ಸಾಕು. ಮಿಕ್ಕಿದ್ದು ನಾನ್ ನೋಡ್ಕತೀನಿ," ಅಂದ.

"ಅರ್ಧ ಗಂಟೆ ಕಣಣ್ಣ," ಎಂದ ಮೆಕ್ಯಾನಿಕ್ ಖಲೀಲ್. "ಖಲೀಲ್ ಕೈಯಿಟ್ಟ ಎಂಜಿನ್ ಅಂದ್ರೆ ಸುಮ್ನೆನಾ?"

ಗುಂಡ್ಲುಪೇಟೆಯಲ್ಲಿ ಬೈಕ್ ರಿಪೇರಿ ಮಾಡುತ್ತಾ ಮಾತಿನಲ್ಲಿ ರೈಲು ಬಿಡುತ್ತಿದ್ದ ಖಲೀಲ್, ವಿಮಾನಕ್ಕೆ ಬಡ್ತಿ ಪಡೆದು ವರ್ಷವಾಗಿತ್ತು. ಆದರೆ ಇವತ್ತು ಬಿಟ್ಟ ರೈಲು ಗಂಟಲಲ್ಲೇ ಹಳಿ ತಪ್ಪಿತು.

ಆದದ್ದು ಇಷ್ಟು. ಮಣ್ಣಿನ ರನ್‌ವೇಯ ದೂಳಿಗೆ ಕಾಗದದ ಏರ್ ಫಿಲ್ಟರ್‌ಗಳು ವಾರ ಕಳೆಯುವುದರೊಳಗೆ ಕಟ್ಟಿಕೊಳ್ಳುತ್ತಿದ್ದವು. "ಒಗೆದು ಮತ್ತೆ ಹಾಕೋವಂಥದ್ದು ತರೋಣ. ಯಾವುದು ಅಂತ ನೀನೇ ಆರಿಸು," ಎಂದಿದ್ದಳು ಪೈಲಟ್ ಶಿವರಂಜಿನಿ. ಸ್ಪಂಜಿನದು ಪೆಟ್ರೋಲ್ ಆವಿಗೆ ಪುಡಿಪುಡಿಯಾಗಿ ಎಂಜಿನ್‌ನೊಳಗೇ ಹೋದೀತೆಂದು ಖಲೀಲ್ ಬಿಟ್ಟ. ತಂತಿಬಲೆಯ ನಡುವೆ ಹತ್ತಿಬಟ್ಟೆ ಹೊಲಿದು, ಕೆಂಪೆಣ್ಣೆ ಸವರಿ ಹಾಕುವ ಫಿಲ್ಟರ್ ಆರಿಸಿದ. ಆಯ್ಕೆ ಸರಿಯಾಗಿಯೇ ಇತ್ತು. ಕೆಟ್ಟದ್ದು ಒಗೆದ ಮೇಲೆ.

ಫಿಲ್ಟರಿನ ಡಬ್ಬಿಯ ಮೇಲೆ ಬರೆದಿತ್ತು: ಬಿಸಿಲಲ್ಲಿ ಬೇಡ, ನೆರಳಲ್ಲಿ ಒಣಗಿಸಿ. ಮೊನ್ನೆ ಫಿಲ್ಟರ್ ಹಿಡಿದು ಚಾಮರಾಜನಗರಕ್ಕೆ ಹೋಗಿದ್ದ ಖಲೀಲನಿಗೆ ಸಿಕ್ಕ ನೆರಳು ಸೋದರಮಾವ ಹಿದಾಯತ್ ಉಲ್ಲಾನ ಅರಿಸಿನ ಪಾಲಿಶ್ ಶೆಡ್. ಅಕ್ಷರಶಃ ಪಾಲಿಸಿದ: ಒಗೆದ, ಒಣಗಿಸಿದ, ಎಣ್ಣೆ ಸವರಿ ಅಲ್ಲೇ ಹಗ್ಗಕ್ಕೆ ನೇತುಹಾಕಿ ಊಟಕ್ಕೆ ಹೋದ. ಇತ್ತ ಅರಿಸಿನ ಉಜ್ಜುವ ಪೀಪಾಯಿ ಗರಗರ ತಿರುಗಿತು. ಬಂದು ನೋಡಿದರೆ ಕೆಂಪು ಫಿಲ್ಟರ್ ಕೇಸರಿಯಾಗಿತ್ತು. ಹೆಬ್ಬೆರಳಲ್ಲಿ ಒರೆಸಿದ. ಹೆಬ್ಬೆರಳೂ ಹಳದಿಯಾಯಿತು.

ಮತ್ತೆ ಒಗೆದು ಒಣಗಿಸಲು ಒಂದು ದಿನ ಬೇಕು. "ನಾಳೆಗೇ ರೆಡಿ ಅಕ್ಕ" ಎಂದು ಶಿವರಂಜಿನಿಗೆ ಫೋನಿನಲ್ಲಿ ಹೇಳಿಯಾಗಿತ್ತು. ಹಾಗೇ ತಂದು ಹಾಕಿಬಿಟ್ಟ.

ಇವತ್ತು ನೆಲದ ಮೇಲೆ ಎಂಜಿನ್ ಓಡಿಸಿ ನೋಡಿದಾಗ ಎಂಜಿನ್ ವೇಗ ತೋರಿಸುವ ಮುಳ್ಳು ಸ್ವಲ್ಪ ಕೆಳಗೇ ನಿಂತಿತು.

"ಯಾಕೋ?" ಕೇಳಿದಳು ಶಿವರಂಜಿನಿ.

"ಬಿಸಿಲು ಕಣಕ್ಕ. ಮ್ಯಾಕೋದ್ರೆ ಸರಿಯಾಯ್ತದೆ."

ಅವಸರದಲ್ಲಿ ಅವಳು ನಂಬಿದಳು. ನಂಬಿಕೆಯ ಆ ಒಂದು ತಲೆಯಾಟಕ್ಕೆ ಖಲೀಲನ ಕಿವಿ ಬಿಸಿಯಾಯಿತು.

ಹುಡುಕಲು ಜೊತೆಗಿರಲೆಂದು ಖಲೀಲನೂ ಹಿಂದಿನ ಸೀಟಿಗೆ ಹತ್ತಿದ. ವಿಮಾನ ಮೇಲೇರಿತು. ಕೆಳಗೆ ಚೆಂಡುಹೂವಿನ ಹೊಲಗಳು ತೇಪೆ ಹಾಕಿದ ಕಂಬಳಿಯಂತೆ ಹರಡಿದ್ದವು. ಅವು ಮುಗಿದಲ್ಲಿ ಆನೆ ಕಂದಕ, ಅದರಾಚೆ ಎಲೆ ಉದುರಿಸಿ ಬೂದುಬಣ್ಣಕ್ಕೆ ತಿರುಗಿದ ಕಾಡು. ಬೆಟ್ಟದ ನೆತ್ತಿಯಲ್ಲಿ ದೇವಸ್ಥಾನ ಬೆಳ್ಳಗೆ ಮಿನುಗುತ್ತಿತ್ತು. ಬೆಟ್ಟದ ಬೆನ್ನ ಹಿಂದಿನಿಂದ ಹೊಗೆ ನಿಧಾನವಾಗಿ ಎದ್ದು, ಗಾಳಿಗೆ ಬಗ್ಗಿ, ತೆರಕಣಾಂಬಿಯ ದಿಕ್ಕಿಗೆ ತಲೆ ಹಾಕಿ ಮಲಗಿತ್ತು.

ಬೆಟ್ಟ ದಾಟಲು ಶಿವರಂಜಿನಿ ಪೂರ್ತಿ ವೇಗ ಕೊಟ್ಟಳು.

ಎಂಜಿನ್ ಕೆಮ್ಮಿತು. ಮುಳ್ಳು ಇಳಿಯಿತು. ಬೆಟ್ಟ ಎದುರಿಗೆ ಏರುತ್ತಲೇ ಬಂತು.

"ಉಸಿರು ಕಟ್ಟುತ್ತಾ ಅದೆ ಇದಕ್ಕೆ!" ಕೂಗಿದಳು. "ಹಿಡ್ಕೊ!"

ವಿಮಾನ ಎಡಕ್ಕೆ ವಾಲಿತು. ಮರಗಳ ತುದಿಗಳು ಚಕ್ರಕ್ಕೆ ತಾಗುವಷ್ಟು ಹತ್ತಿರ ಬಂದವು. ಮುಂದೆ ಒಣಗಿದ ಕೆರೆಯಂಗಳ. ಎರಡು ಸಲ ಪುಟಿದು, ಮೂರನೆಯ ಸಲ ಕುಂಟಿ, ವಿಮಾನ ನಿಂತಿತು.

ಖಲೀಲ್ ಇಳಿದು ಫಿಲ್ಟರ್ ಬಿಚ್ಚಿದ. ಹಳದಿ ಹಿಟ್ಟು ಮೆತ್ತಿದ ಹಾಗಿತ್ತು.

"ದೂಳು ಕಣಕ್ಕ," ಎಂದ, ಮುಖ ಎತ್ತದೆ.

ಶಿವರಂಜಿನಿ ಬಗ್ಗಿ ಮೂಸಿದಳು. "ದೂಳಿಗೆ ಸಾರಿನ ವಾಸನೆ ಯಾವಾಗಿಂದ ಬಂತೋ?"

ಖಲೀಲ್ ಎಲ್ಲವನ್ನೂ ಹೇಳಿದ. ಶೆಡ್ಡು, ಹಗ್ಗ, ಹೆಬ್ಬೆರಳು. ಬೆಳಗಿನ ಬಿಸಿಲಿನ ಸುಳ್ಳನ್ನೂ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅರ್ಧ ಹಗುರವಾಗುತ್ತಿತ್ತು.

"ಫಿಲ್ಟರ್ ಇಲ್ದೆ ಹಾರ್ತೀನಿ," ಎಂದಳು. "ಎಂಜಿನ್ ಸವೆದ್ರೆ ಸವೀಲಿ."

"ಇಬ್ರು ಕೂತ್ರೆ ಈ ಜಾಗ ಸಾಲಲ್ಲ. ನಾನ್ ಇಳ್ಕತೀನಿ. ಹುಲ್ಲಿರೋ ಅಂಚಲ್ಲೇ ಓಡ್ಸಕ್ಕ, ಅಲ್ಲಿ ದೂಳು ಕಮ್ಮಿ."

"ಆನೆಗಳು?"

ಕೆರೆಯ ಮೂಲೆಯಲ್ಲಿ ಉಳಿದಿದ್ದ ಒಂದಿಷ್ಟು ಕೆಸರಲ್ಲಿ ಐದು ಬೆನ್ನುಗಳು ಕಂಡವು, ಒಂದು ಮರಿಯೂ.

"ನಾನ್ ಮಾಡಿರೋ ಕೆಲ್ಸಕ್ಕೆ ಆನೆ ಮುಖ ನೋಡೋದೇ ವಾಸಿ, ಜೀಪಿನ ಮರಿಯಣ್ಣನ ಮುಖಕ್ಕಿಂತ."

ಅಂಚಿನ ಕಲ್ಲುಗಳನ್ನು ಹೆಕ್ಕಿ ಎಸೆದ. ಬಾಲ ಹಿಡಿದು ವಿಮಾನ ತಿರುಗಿಸಿದ. ಎಂಜಿನ್ ಗರ್ಜಿಸಿತು. ವಿಮಾನ ಓಡಿ, ಕೆರೆ ಏರಿಯ ಮೇಲಿನ ಜಾಲಿಮರಗಳನ್ನು ಒಂದಾಳು ಎತ್ತರದಲ್ಲಿ ದಾಟಿತು.

ಆ ಸದ್ದಿಗೆ ತಾಯಾನೆ ಕಿವಿ ಅರಳಿಸಿ ನುಗ್ಗಿತು.

ಖಲೀಲ್ ಓಡಿದ. ಕೈಯಲ್ಲಿದ್ದ ಫಿಲ್ಟರ್ ಜಾರಿತು. ನೆಲ ಅದುರುತ್ತಿತ್ತು. ಏರಿಯ ಕೆಳಗಿನ ಕಲ್ಲುತೂಬಿನೊಳಗೆ ತಲೆ ಮೊದಲು ತೂರಿದ. ಮೊಣಕೈ ಸುಲಿಯಿತು. ಮೈ ಮುದುಡಿ ಕೂತ.

ಹೊರಗೆ ಆನೆ ಫಿಲ್ಟರನ್ನು ಸೊಂಡಿಲಲ್ಲಿ ಎತ್ತಿತು. ಮೂಸಿತು. ಅಷ್ಟು ದೂರ ಎಸೆಯಿತು. ಆನೆಯೂ ತಿರಸ್ಕರಿಸಿದ ಮಾಲು! ಬೇರೆ ದಿನವಾಗಿದ್ದರೆ ಖಲೀಲ್ ಈ ಕತೆಯನ್ನು ತಿಂಗಳುಗಟ್ಟಲೆ ಹೇಳುತ್ತಿದ್ದ. ಇವತ್ತು ನಗು ಬರಲಿಲ್ಲ. ತೂಬಿನೊಳಗೆ ಸೊಂಟದ ವಾಕಿಟಾಕಿ ತೆಗೆದು ಕಿವಿಗೊತ್ತಿಕೊಂಡ.

ಬಹಳ ಹೊತ್ತಿನ ಮೇಲೆ ಅವಳ ದನಿ ಬಂತು. "ಮೂರು ಜನಾನೂ ಕಾಣ್ತಾ ಅವ್ರೆ! ಹಳ್ಳದ ಪಕ್ಕದ ಬೋಳು ಬಂಡೆ ಮೇಲೆ. ಸುತ್ತ ಬೆಂಕಿ. ಮರಿಯಣ್ಣ, ತೆಂಕಲ ದಾರೀಲಿ ಬಾ, ಅಲ್ಲಿ ಇನ್ನೂ ಸಂದು ಅದೆ!"

"ಬಂದೆ ಕಣವ್ವ, ಬಂದೆ!"

ಖಲೀಲ್ ತೋಳಿನಲ್ಲಿ ಮುಖ ಹುದುಗಿಸಿಕೊಂಡು ಅತ್ತ.

ಆನೆಗಳು ಸರಿದ ಮೇಲೆ ಕಂದಕದ ಅಂಚು ಹಿಡಿದು ಎರಡು ಗಂಟೆ ನಡೆದ. ರಸ್ತೆ ಮುಟ್ಟಿದಾಗ ಜೀಪು ನಿಂತಿತ್ತು. ಮಸಿ ಬಡಿದ ಇಬ್ಬರು ಕೆಳಗೆ ಕೂತು ನೀರು ಕುಡಿಯುತ್ತಿದ್ದರು. ಮರಿಮಲ್ಲಪ್ಪ ಹಿಂದಿನ ಸೀಟಿನಲ್ಲಿ ಮಲಗಿದ್ದ. ಕಡೆಗಳಿಗೆಯಲ್ಲಿ ಕೆಂಡ ತುಳಿದು ಅವನ ಎರಡೂ ಪಾದ ಬೊಬ್ಬೆಯೆದ್ದಿದ್ದವು.

ಮರಿಯಯ್ಯ ಓಡಿಬಂದು ಖಲೀಲನನ್ನು ತಬ್ಬಿಕೊಂಡ. "ಆನೆ ಬಾಯ್ಗೆ ಬಿದ್ದು ನನ್ ತಮ್ಮನ್ನ ಉಳಿಸ್ಬುಟ್ಟೆ ಕಣ್ಲಾ! ನೀನ್ ಇಳಿದಿದ್ಕೇ ಇಮಾನ ಎದ್ದಿದ್ದಂತೆ. ರಂಜಿನವ್ವ ರೇಡಿಯೋದಲ್ಲಿ ಅಷ್ಟೇ ಯೋಳ್ತು."

ಅಷ್ಟೇ ಹೇಳಿದ್ದಳು. ಮಿಕ್ಕಿದ್ದನ್ನು ಅವನಿಗೇ ಬಿಟ್ಟಿದ್ದಳು. ಸುಮ್ಮನಿದ್ದರೆ ಊರೆಲ್ಲ ಹಾರ ಹಾಕುವುದು ಖಂಡಿತ.

"ಇಮಾನ ಇಳಿದಿದ್ದೇ ನನ್ನಿಂದ ಕಣಣ್ಣ," ಎಂದ ಖಲೀಲ್. "ಫಿಲ್ಟರ್‌ಗೆ ಅರಿಸಿನ ಕೂತಿತ್ತು. ಗೊತ್ತಿತ್ತು. ಗೊತ್ತಿದ್ದೂ ಹಾಕ್ದೆ."

ಮರಿಯಯ್ಯನ ಕೈ ಹೆಗಲಿಂದ ಜಾರಿತು. "ಎಷ್ಟೊತ್ತು ತಡ ಆಯ್ತು ಅದ್ರಿಂದ?"

"ಮುಕ್ಕಾಲು ಗಂಟೆ."

ಮರಿಯಯ್ಯ ತಮ್ಮನ ಪಾದಗಳ ಕಡೆ ನೋಡಿದ. ಖಲೀಲನ ಕಡೆ ನೋಡಲಿಲ್ಲ.

"ಹತ್ಕೊ," ಅಂದ. "ಅವನ ಕಾಲು ನಿನ್ ತೊಡೆ ಮ್ಯಾಲೆ ಮಡಿಕೊ. ಕುಲುಕಬಾರ್ದು."

ಖಲೀಲ್ ಹತ್ತಿ ಕೂತ. ಮರಿಮಲ್ಲಪ್ಪ ಕಣ್ಣು ಮುಚ್ಚಿಕೊಂಡೇ ಗೊಣಗಿದ: "ಇನ್ಮ್ಯಾಲೆ ಹಳೇ ಕಾಗ್ದದ್ ಫಿಲ್ಟರ್ರೇ ಹಾಕ್ಲಾ, ಬಡ್ಡಿಮಗನೆ."

"ಊಂ ಕಣಣ್ಣ," ಎಂದ ಖಲೀಲ್.

ಗುಂಡ್ಲುಪೇಟೆಯವರೆಗೆ ಇಪ್ಪತ್ತೊಂದು ಹಂಪುಗಳಿದ್ದವು. ಪ್ರತಿಯೊಂದು ಬಂದಾಗಲೂ ಅವನು ಆ ಎರಡು ಕಾಲುಗಳನ್ನು ಮೊದಲೇ ಎತ್ತಿ ಹಿಡಿದ.