ಮೂರನೇ ಎಡೆ

ಬನ್ನೂರಿನ ಬೋರಯ್ಯ ಮಹಾರಾಜರ ಕುದುರೆ ಪಡೆಯ ಜೊತೆ ಈಜಿಪ್ಟಿಗೆ ಹೋಗಿ ಐದು ವರ್ಷಕ್ಕೆ ಮರಳುವಷ್ಟರಲ್ಲಿ ಮನೆಯವರು ಅವನ ತಿಥಿ ಮಾಡಿ ಮುಗಿಸಿದ್ದರು. ಸತ್ತನೆಂಬ ಸುದ್ದಿ ಅವನಿಗಿಂತ ಚುರುಕಾಗಿ ಊರು ಮುಟ್ಟಿತ್ತು. ಕುದುರೆ ಕಚ್ಚಿ ಕಿತ್ತ ಬಲಗೈ ಕಿರುಬೆರಳೊಂದು ಬಿಟ್ಟರೆ ಅವನಿಗೇನೂ ಆಗಿರಲಿಲ್ಲ.

ಮಾರ್ನಮಿ ಅಮಾವಾಸ್ಯೆ ಬಂತು. ತಾಯಿ ಚಿಕ್ಕಮಾದಮ್ಮ ಸತ್ತ ಹಿರಿಯರಿಗೆಂದು ಒಳಮನೆಯಲ್ಲಿ ಎಡೆ ಇಟ್ಟಳು. ಅಪ್ಪನಿಗೊಂದು, ತಾತನಿಗೊಂದು. ಎಲೆ ಮಾತ್ರ ಮೂರಿದ್ದವು.

"ಮೂರ್ನೇದು ಯಾರ್ಗವ್ವಾ?"

"ನಿಂಗೇ ಕಣ್ಲಾ. ನಾಕ್ ವರ್ಸದಿಂದ ಇಕ್ತಾ ಇವ್ನಿ, ತಟ್ನೆ ನಿಲ್ಸಕಾದದಾ?"

"ಒಳ್ಳೇದಾಯ್ತು ಬುಡು, ಎಲ್ಡ್ ಪಾಲೂ ನಂಗೇ" ಎಂದು ಬೋರಯ್ಯ ನಕ್ಕ.

ಹಿರಿಯರು ಬಂದು ಉಣ್ಣಲೆಂದು ವಾಡಿಕೆಯಂತೆ ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕುಳಿತರು. ಮಟಮಟ ಮಧ್ಯಾಹ್ನದಲ್ಲೂ ಬಾಗಿಲ ಸಂದಿಯಿಂದ ಬರುವ ಗಾಳಿ ಬಾವಿಯ ತಳದಷ್ಟು ತಣ್ಣಗಿತ್ತು. ಒಳಗೆ ಯಾರೋ ಮೂಳೆ ಚೀಪಿದರು. ಆಮೇಲೆ ಬೋರಯ್ಯನ ಕೆಮ್ಮನ್ನೇ ಕೆಮ್ಮಿದರು.

ಬಾಗಿಲು ತೆಗೆದಾಗ ಎರಡು ಎಲೆ ಇಟ್ಟ ಹಾಗೇ ಇದ್ದವು. ಮೂರನೆಯದರಲ್ಲಿ ಅರ್ಧ ಮುದ್ದೆ ಉಳಿದು, ಅದರ ಮೇಲೆ ಬೆರಳಿನ ಗುರುತುಗಳು ಮೂಡಿದ್ದವು. ಚಿಕ್ಕಮಾದಮ್ಮ ಎಣಿಸಿದಳು, ಐದು. ಮಗನ ಬಲಗೈ ನೋಡಿದಳು, ನಾಲ್ಕು.

ಅವಳು ಸೆರಗನ್ನು ತಲೆಗೆಳೆದುಕೊಂಡು, ಒಳಗೆ ಕಾಲಿಡಹೊರಟ ಬೋರಯ್ಯನಿಗೆ ಬಾಗಿಲಲ್ಲಿ ಅಡ್ಡ ನಿಂತಳು.

"ದೂರ್ದಿಂದ ಬಂದಿದ್ದೀರ ಸ್ವಾಮಿ, ಜಗಲೀಲೇ ಕುಂತ್ಕಳಿ. ಮೊದ್ಲು ನಮ್ ಬೋರ ಉಂಡ್ಕಳ್ಳಿ. ಮಿಕ್ಕುದ್ರೆ ನಿಮ್ಗೂ ಇಕ್ತೀನಿ."