ಅಂಟಿಕೊಂಡ ಅಂಗೈಗಳು

ಬೆಳಿಗ್ಗೆ ಏಳಕ್ಕೆ ಫುಟ್‌ಬಾಲ್ ಕ್ಲಬ್ಬಿನ ಹಿಂದಿನ ನಲ್ಲಿಯ ಬಳಿ ನಾನು ಗೋಲ್‌ಕೀಪರ್‌ಗಳ ಗ್ಲೌಸ್ ತೊಳೆಯುತ್ತಿದ್ದೆ. ಉಗುರುಬೆಚ್ಚಗಿನ ನೀರು. ಮೆತ್ತಗೆ ಒತ್ತಬೇಕು, ಹಿಂಡುವಂತಿಲ್ಲ. ಆಮೇಲೆ ಜೋಡಿಯನ್ನು ಬೆನ್ನಿಗೆ ಬೆನ್ನು ಸೇರಿಸಿ, ಅಂಗೈ ಹೊರಗೆ ಮಾಡಿ ನೆರಳಿನಲ್ಲಿ ನೇತುಹಾಕಬೇಕು. ಈ ಕೆಲಸಕ್ಕೆ ಮಾತು ಬೇಕಿಲ್ಲ, ಅದಕ್ಕೇ ನನಗಿಷ್ಟ.

"ಕಳ್ಳತನ! ಗಾಜಿನ ಪೆಟ್ಟಿಗೆ ಖಾಲಿ!"

ಕಾರ್ಯದರ್ಶಿಗಳ ದನಿ. ನಾನು ಕೋಚ್ ಅವರ ಕೋಣೆಗೆ ಓಡಿದೆ; ಕೋಚ್, ಆಟಗಾರರು ಆಗಲೇ ಅಲ್ಲಿದ್ದರು. ಪೆಟ್ಟಿಗೆಯಲ್ಲಿದ್ದದ್ದು ಕೋಚ್ ಅವರ ಹಳೆಯ ಗ್ಲೌಸ್. ಹದಿನಾರು ವರ್ಷ ಗೋಲು ಕಾದ ಅವರನ್ನು ಎಲ್ಲರೂ 'ಗೋಡೆ' ಎಂದೇ ಕರೆಯುತ್ತಿದ್ದರು. ಕೊನೆಯ ಪಂದ್ಯದಲ್ಲಿ ಮುರಿದ ಬೆರಳಿನಲ್ಲೇ ಕಪ್ ಗೆಲ್ಲಿಸಿ, ಮರುವರ್ಷ ಕೋಚ್ ಆದರು.

ಆಟಗಾರರ ಚೀಲಗಳು ಹಿಂದಿನ ದಿನದಿಂದ ಅಲ್ಲೇ ಇದ್ದವು. ಕಾರ್ಯದರ್ಶಿಗಳು ಎಲ್ಲವನ್ನೂ ತಡಕಿದರು. ಗ್ಲೌಸ್ ಸಿಕ್ಕಿದ್ದು ನಮ್ಮ ಗೋಲ್‌ಕೀಪರ್ ಏಣಿಯ ಚೀಲದಲ್ಲಿ. ಏಣಿ ಎಂದರೆ ಆರೂಕಾಲಡಿ ಆಳು, ಕೋಚ್ ಕೈಯಲ್ಲೇ ಪಳಗಿದವನು.

"ನನ್ನಾಣೆ ಸಾರ್, ನಾನಲ್ಲ!"

"ಮತ್ತೆ, ಅವೇ ನಡ್ಕೊಂಡು ಬಂದ್ವಾ? ಇವತ್ತಿನ ಫೈನಲ್ ನೀನಾಡಲ್ಲ. ಇನ್ಮೇಲೆ ಈ ಕ್ಲಬ್ಬೂ ಇಲ್ಲ. ನನ್ನ ಅಳಿಯ ಆಡ್ತಾನೆ."

ಅಳಿಯ ಎಂದರೆ ಕಾರ್ಯದರ್ಶಿಗಳ ಅಕ್ಕನ ಮಗ, ನಮ್ಮ ಎರಡನೇ ಗೋಲ್‌ಕೀಪರ್. ಅವನು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಕೋಚ್ ಗ್ಲೌಸ್ ಎತ್ತಿಕೊಂಡರು. ಎರಡೂ ಅಂಗೈ ಒಂದಕ್ಕೊಂದು ಅಂಟಿಹೋಗಿದ್ದವು. ಬಿಡಿಸಿದರೆ ಚರ್ರೆಂದು ರಬ್ಬರಿನ ಸಿಪ್ಪೆ ಎದ್ದಿತು.

"ಅಯ್ಯೋ!" ನನಗೇ ತಿಳಿಯದೆ ಕೂಗಿಬಿಟ್ಟೆ.

"ಏನಮ್ಮಾ?"

"ಅಂಗೈಗೆ ಅಂಗೈ ಸೇರ್ಸಿ ಇಡಬಾರ್ದಲ್ವಾ ಸಾರ್..."

ಕೋಚ್ ನಕ್ಕರು. "ನಿನ್ನೆ ಸಂಜೆ ಇವನ್ನ ಒದ್ದೆ ಬಟ್ಟೇಲಿ ಒರೆಸಿದ್ದು ನೀನೇ ತಾನೆ? ಆಮೇಲೆ ಈ ರೂಮಿಗೆ ಯಾರ್ಯಾರು ಬಂದ್ರು?"

"ಏಣಿ ಅಣ್ಣ. ಇವ್ರ ಅಳಿಯ. ಮತ್ತೆ... ಇವ್ರು" ಎಂದು ಕಾರ್ಯದರ್ಶಿಗಳತ್ತ ನೋಡಿದೆ.

ಕೋಚ್ ನನ್ನ ಬಕೆಟ್ಟಿನಿಂದ ಮೂರು ಒದ್ದೆ ಜೋಡಿ ತಂದರು. "ಒಬ್ಬೊಬ್ರು ಒಂದೊಂದು ಜೋಡಿ ಚೀಲಕ್ಕೆ ಹಾಕಿ. ಬೇಗ!"

"ಇದೇನ್ರೀ ಮಕ್ಕಳಾಟ?"

"ಹಾಕಿ ಸ್ವಾಮಿ, ಕೈ ಸವೆದು ಹೋಗಲ್ಲ."

ಏಣಿ ಗಡಿಬಿಡಿಯಲ್ಲಿ ಚೀಲಕ್ಕೆ ತುರುಕಿದ. ಆದರೂ ಬೆನ್ನಿಗೆ ಬೆನ್ನು. ಅಳಿಯ ಕಿಟಕಿಯತ್ತ ನೋಡುತ್ತಲೇ ಹಾಕಿದ. ಅವನದೂ ಬೆನ್ನಿಗೆ ಬೆನ್ನು. ಕಾರ್ಯದರ್ಶಿಗಳು ಮಾತ್ರ ಬಲು ಅಚ್ಚುಕಟ್ಟಾಗಿ ಜೋಡಿಸಿದರು— ಅಂಗೈಗೆ ಅಂಗೈ, ಕೈಮುಗಿದ ಹಾಗೆ.

"ನೋಡಿದ್ರಾ?" ಕೋಚ್ ದನಿ ಏರಿಸಲಿಲ್ಲ. "ರಬ್ಬರ್ ಅಂಟಿದ್ರೆ ಸಿಪ್ಪೆ ಏಳುತ್ತೆ. ಸಿಪ್ಪೆ ಎದ್ರೆ ಕೈಯಲ್ಲಿ ಚೆಂಡು ನಿಲ್ಲಲ್ಲ. ಮೊದಲ್ನೇ ದಿನ ನಾನು ಕಲಿಸೋದೇ ಇದು. ಗೋಲ್‌ಕೀಪರ್ ಕದ್ರೂ ಹೀಗಿಡಲ್ಲ, ನಿದ್ದೇಲೂ ಹೀಗಿಡಲ್ಲ. ಇಟ್ಟಿದ್ದು ನೀವು. ಅಳಿಯನ್ನ ಇವತ್ತು ಮೈದಾನಕ್ಕೆ ಇಳಿಸೋಕೆ."

ಕಾರ್ಯದರ್ಶಿಗಳ ಮುಖ ಸುಣ್ಣದಂತಾಯಿತು. "ಒಂದು ಅವಕಾಶ ಸಿಕ್ಕಿದ್ರೆ ಹುಡುಗ ಮೇಲೆ ಬರ್ತಿದ್ದ..."

"ನಾನು ಮೂರು ವರ್ಷ ಬೆಂಚ್ ಮೇಲೆ ಕೂತೆ. ಅದೇನು ಸತ್ತುಹೋಗೋ ಕಾಯಿಲೆಯಲ್ಲ. ಏಣಿ, ಏಳು. ಇವತ್ತು ಗೋಲು ನಿಂದೇ."

ಅಳಿಯ ಏಣಿಯ ಬಳಿ ಹೋಗಿ, ಅವನ ಮಣಿಕಟ್ಟಿಗೆ ಗ್ಲೌಸಿನ ಪಟ್ಟಿ ಬಿಗಿಯತೊಡಗಿದ.

"ನಿಮ್ಮಮ್ಮನಿಗೆ ಹೇಳ್ಬೇಡ ಕಣೋ" ಎಂದರು ಕಾರ್ಯದರ್ಶಿಗಳು.

ಅಳಿಯ ಏಣಿಯ ಇನ್ನೊಂದು ಕೈಯ ಪಟ್ಟಿ ಎಳೆದ.